ತಿಸರೆ ಸುಕ್ಕೆ ಮತ್ತು ನನ್ನ ನೌಕರಿ

ಸಂಶೋಧನೆಯು ಮನುಕುಲದ ಹಸಿವನ್ನು ನೀಗಿಸಬಲ್ಲ ಮಹತ್ಕಾರ್ಯ. ನನ್ನ ಸಂಶೋಧನೆಯಿಂದ ನಮ್ಮ ಮನೆಯವರ ಊಟ ಕೆಟ್ಟಿತು.

ಕಾಳಿ ನದಿಯ ತಿಸರೆ, ಅಂದರೆ ನಾವು ಕಾಯಿತುರಿ ಮಸಾಲೆ ಹಾಕಿ ಸುಕ್ಕೆ ಮಾಡಿ ತಿನ್ನುವ ಚಿಪ್ಪಿ, ಅದರ ಮೇಲೆ ಪಿಎಚ್‌ಡಿ ಮುಗಿಸಿ ಕಿನ್ನರ ಊರಿನ ನಮ್ಮ ಮನೆಗೆ ಬಂದಾಗ ಕಾಲೇಜುಗಳೆಲ್ಲ ನನಗಾಗಿ ಕಾದಿವೆ ಎಂದೇ ತಿಳಿದಿದ್ದೆ. ಅಂಕೋಲೆಯ ಕಾಲೇಜೊಂದರಲ್ಲಿ ಪ್ರಾಚಾರ್ಯರನ್ನು ವಿಚಾರಿಸಿದೆ.

"ಪ್ರಾಣಿಶಾಸ್ತ್ರಕ್ಕೆ ಮಕ್ಕಳೇ ಬರುದಿಲ್ಲ ಸರ್. ಕಂಪ್ಯೂಟರ್ ಕಲಿಸ್ತೀರಾ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ನಾನು ವಿಜ್ಞಾನದ ಘನತೆಯ ಕುರಿತು ಭಾಷಣ ಬಿಗಿದು, ಬಾಗಿಲು ದಬ್ಬಿ ಬಂದೆ.

ಇದನ್ನು ಕೇಳಿದ ಆಯಿ, ಮನೆಯಲ್ಲಿ ಯಾರನ್ನೂ ಕೇಳದೆ, ದೇವರ ಮುಂದೆ ಕಾಯಿ ಇಟ್ಟು ಹರಕೆ ಹೊತ್ತಳು: ಮಗನಿಗೆ ನೌಕರಿ ಸಿಗುವವರೆಗೆ ಈ ಮನೆಯವರು ಯಾರೂ ಹಸಿ ಮೀನು ಮುಟ್ಟುವುದಿಲ್ಲ. ಒಣ ಸೀಗಡಿಗೆ ಮಾತ್ರ ವಿನಾಯಿತಿ.

ನೌಕರಿ ನನಗೆ, ಶಿಕ್ಷೆ ಮನೆಗೆಲ್ಲ. ಅಪ್ಪ ನನ್ನೊಡನೆ ಮಾತು ಬಿಟ್ಟ. ಭಾವಿಕೇರಿಯಿಂದ ತಾಜಾ ಬಾಂಗಡೆ ತಂದ ಮಾವನವರನ್ನು ಆಯಿ ಅಂಗಳದಲ್ಲೇ ತಡೆದಳು. ಅವರು ಚೀಲ ಹಿಡಿದು ನಿಂತಲ್ಲಿಂದಲೇ ನನ್ನನ್ನು ನೋಡಿ, "ಅಳಿಯಂದ್ರೆ, ಎಂತದಾದ್ರೂ ಒಂದು ಕೆಲಸ ಹಿಡೀರಿ. ಮಗಳ ಮುಖ ನೋಡ್ಲಿಕ್ಕೆ ಆಗುದಿಲ್ಲ" ಎಂದು ತಿರುಗಿ ಹೋದರು.

ಕಾರವಾರದ ಕಚೇರಿಯಲ್ಲಿ ದುಡಿಯುವ ನನ್ನ ಹೆಂಡತಿ ಸುಮಾ ಅಷ್ಟು ಮೃದುವಾಗಿ ಹೇಳಲಿಲ್ಲ.

"ನೌಕರಿ ಇಲ್ಲದವರು ನೀವು. ಮೀನು ಬಿಡ್ಬೇಕಾದವಳು ನಾನಾ?"

"ನಾನೂ ಬಿಟ್ಟಿದ್ದೇನಲ್ಲ."

"ನಿಮ್ಮ ಪ್ರಬಂಧದ ತುಂಬಾ ಚಿಪ್ಪಿ ಚಿತ್ರ ಅದೆಯಲ್ಲ. ಅದನ್ನ ನೋಡ್ತಾ ಉಣ್ಣಿ."

ಕಡೆಗೆ ಅವಳೇ ಮೀನು ಪ್ಯಾಕ್ ಮಾಡುವ ಕಾರ್ಖಾನೆಯ ಮಾಲಕರೊಬ್ಬರಿಗೆ ನನ್ನ ವಿಷಯ ಹೇಳಿ ಕಳಿಸಿದಳು. ಚಿಪ್ಪಿ ಬಲ್ಲವರೇ ಅವರಿಗೆ ಬೇಕಿತ್ತಂತೆ. ನ್ಯಾಯ ಇನ್ನೂ ಸತ್ತಿಲ್ಲ ಎಂದುಕೊಂಡು ಹೋದೆ. ಮಾಲಕರು ನನ್ನ ಮುಂದೆ ತಟ್ಟೆ ಇಟ್ಟರು. ಹೊಗೆಯಾಡುವ ತಿಸರೆ ಸುಕ್ಕೆ.

"ಇದನ್ನೇ ಪ್ಯಾಕೆಟ್ ಮಾಡಿ ಮಾರುದು. ಒಂದು ಚೂರು ರುಚಿ ನೋಡಿ, ಹೆಚ್ಚುಕಮ್ಮಿ ಎಂತದು ಹೇಳಿ. ಸರಿ ಬಂದ್ರೆ ನಾಳೆಯಿಂದ್ಲೇ ಬನ್ನಿ."

ನಾನು ಹೊರಗೆ ಬಂದು ಆಯಿಗೆ ಫೋನು ಮಾಡಿದೆ.

"ಆಯಿ, ತಿಸರೆ ಮೀನಲ್ಲ, ಮೃದ್ವಂಗಿ. ತಿನ್ಲಾ?"

"ಹೊಳೆಯಿಂದ ಹಸಿಯಾಗಿ ಬಂದದ್ದೆಲ್ಲಾ ಮೀನೇ."

"ಅದರ ಮೇಲೇ ಡಾಕ್ಟರೇಟ್ ಮಾಡಿದವ ನಾನು."

"ನಿನ್ನನ್ನ ಹೆತ್ತವಳು ನಾನು. ಮೊದ್ಲು ನೌಕರಿ ಕೊಡ್ಲಿ, ಆಮೇಲೆ ತಿನ್ನು."

ಒಳಗೆ ಹೋಗಿ ಇದೇ ಶರತ್ತನ್ನು ಗಂಭೀರವಾಗಿ ಮಂಡಿಸಿದೆ. ಮಾಲಕರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಪರಿಸ್ಥಿತಿ ಕೈಮೀರುವುದನ್ನು ಕಂಡು, ತಜ್ಞನಾದವನು ವಾಸನೆಯಿಂದಲೇ ಹೇಳಬಲ್ಲ ಎಂದೆ. ತಟ್ಟೆಯತ್ತ ಬಾಗಿ ಮೂಗನ್ನು ದುಡಿಸಿ ತೀರ್ಪು ಕೊಟ್ಟೆ.

"ಚಿಪ್ಪಿ ನಿನ್ನೆಯದು."

"ಬೆಳಿಗ್ಗೆ ಹೊಳೆಯಿಂದ ತಂದು ನನ್ನ ಹೆಂಡತಿ ಮಾಡಿದ್ದು. ತಿನ್ನದೇ ಹೇಳುವ ಡಾಕ್ಟರೇಟಾ ನಿಮ್ದು?"

ನನಗೆ ಪಿತ್ತ ನೆತ್ತಿಗೇರಿತು. ಕಾಲೇಜಿನವರ ಮೇಲಿನ ಸಿಟ್ಟು, ಅಪ್ಪನ ಮೌನದ ಸಿಟ್ಟು, ಹರಕೆಯ ಸಿಟ್ಟು ಎಲ್ಲ ಒಟ್ಟಾಯಿತು. ತಟ್ಟೆ ಎಳೆದುಕೊಂಡೆ. ಮೊದಲ ಚಿಪ್ಪಿಯನ್ನು ವಿಜ್ಞಾನಕ್ಕಾಗಿ ತಿಂದೆ. ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ತಲೆ ಎತ್ತಿದಾಗ ನಾನು ಬೆರಳು ಚೀಪುತ್ತಿದ್ದೆ. ತಟ್ಟೆಯಲ್ಲಿ ಬರೀ ಚಿಪ್ಪು.

"ಹೇಗದೆ?"

"ಇನ್ನೊಂದು ಚೂರು ಸಿಕ್ಕಿದ್ರೆ ಹೇಳಬಹುದಿತ್ತು."

ಮಾಲಕರು ಎದ್ದು ನಿಂತರು. "ತಿಂದು ಮುಗಿಸುವವರು ನಮ್ಮನೇಲೇ ಬೇಕಾದಷ್ಟು ಜನ ಇದ್ದಾರೆ."

ಮನೆ ಮೆಟ್ಟಿಲಲ್ಲೇ ಆಯಿ ನನ್ನ ಕೈ ಹಿಡಿದು ಮೂಸಿದಳು. ಚಿಪ್ಪಿ ಇವತ್ತಿನದೇ ಎಂದು ಅವಳಿಗೆ ತಕ್ಷಣ ತಿಳಿಯಿತು. ಅಪ್ಪ ಬಹಳ ದಿನದ ಮೇಲೆ ನನ್ನೊಡನೆ ಮಾತಾಡಿದ. ಆ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ. ಸುಮಾ ಒಂದೇ ಕೇಳಿದಳು: "ಒಬ್ರೇ ತಿಂದ್ರಾ?"

ಹರಕೆ ಮುರಿದದ್ದಕ್ಕೆ ದೇವರ ಮುಂದೆ ಹೊಸ ಕಾಯಿ ಇಟ್ಟಾಯಿತು. ನೌಕರಿ ಸಿಕ್ಕಿಲ್ಲ. ಒಣ ಸೀಗಡಿಯ ವಿನಾಯಿತಿಯನ್ನು ಆಯಿ ಹಿಂದಕ್ಕೆ ಪಡೆದಿದ್ದಾಳೆ.