ಗೋಧಿಯಿಲ್ಲದ ಯುಗಾದಿ

ಪ್ಲಾನ್ ಹಾಕುವುದೇ ಕೆಲಸವಾಗಿರುವ ಮನುಷ್ಯನನ್ನು ಹಬ್ಬದ ದಿನ ಅಡಿಗೆಮನೆಯ ಹತ್ತಿರ ಬಿಡಬಾರದು. ಅಂಥ ಮನುಷ್ಯನಾಗಿಯೇ ಈ ಮಾತು ಹೇಳುತ್ತಿದ್ದೇನೆ. ಕೃಷ್ಣರಾಜಪುರದ ಕಡೆಯ ಕಾರ್ಖಾನೆಯೊಂದರ ಪ್ಲಾನಿಂಗ್ ಸೆಕ್ಷನ್ನಿನಲ್ಲಿದ್ದೆ. ಯಾವ ಮೆಷೀನಿಗೆ ಯಾವ ದಿನ ಯಾವ ಕೆಲಸ ಎಂದು ಕೂತಲ್ಲೇ ತೀರ್ಮಾನಿಸುವುದು ನನ್ನ ಪಾಲಿನ ದುಡಿಮೆ. ಮೆಷೀನುಗಳು ಎದುರು ಮಾತಾಡುವುದಿಲ್ಲವಾದ್ದರಿಂದ ನನ್ನ ಬುದ್ಧಿಯ ಮೇಲೆ ನನಗೆ ವಿಪರೀತ ಭರವಸೆ ಬೆಳೆದಿತ್ತು. ಅದು ಹೇಗೆ ಇಳಿಯಿತು ಎಂಬುದನ್ನು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಆ ವರ್ಷ ಯುಗಾದಿಗೆ ಪುಣೆಯಿಂದ ತಂಗಿ ವಸುಧಾ, ಗಂಡ ಮಕ್ಕಳ ಸಮೇತ ಬರುವುದಾಗಿ ಫೋನ್ ಮಾಡಿದಳು. "ಅಣ್ಣಾ, ಮೇಘನಾಗೆ ಗೋಧಿ ಆಗಲ್ಲ ಅಂತ ಡಾಕ್ಟರು ಹೇಳ್ಬಿಟ್ಟಿದ್ದಾರೆ. ಗೋಧಿಯಲ್ಲಿ ಗ್ಲುಟೆನ್ ಅಂತ ಇರುತ್ತಂತೆ. ಒಂದು ಚೂರು ಹೊಟ್ಟೆಗೆ ಹೋದ್ರೂ ವಾರಗಟ್ಟಲೆ ಒದ್ದಾಡ್ತಾಳೆ. ನೀವು ತೊಂದರೆ ತಗೋಬೇಡಿ, ಅವಳ ಊಟ ನಾನೇ ತರ್ತೀನಿ" ಎಂದಳು. ಮೇಘನಾ ಅವಳ ದೊಡ್ಡ ಮಗಳು, ಎಂಟು ವರ್ಷದವಳು. ಸೋದರಮಾವನ ಮನೆಗೆ ಹಬ್ಬಕ್ಕೆ ಬರುವ ಮಗು ಬುತ್ತಿ ಕಟ್ಟಿಕೊಂಡು ಬರುವುದೇ? ನನ್ನ ಅಭಿಮಾನ ಎದ್ದು ನಿಂತಿತು. "ಇಡೀ ಮನೆಗೇ ಗೋಧಿಯಿಲ್ಲದ ಅಡಿಗೆ ಮಾಡಿಸ್ತೀನಿ. ಪ್ಲಾನಿಂಗ್ ನಂದು" ಎಂದು ಘೋಷಿಸಿದೆ. ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ನನ್ನ ಹೆಂಡತಿ ಶಾರದಾ, "ಹಾಗಾದ್ರೆ ಮಾಡೋಳು ನಾನು" ಎಂದಳು. ಅದನ್ನು ಒಪ್ಪಿಗೆ ಎಂದೇ ತಿಳಿದೆ.

ಯುಗಾದಿಗೆ ಒಬ್ಬಟ್ಟು, ಒಬ್ಬಟ್ಟಿಗೆ ಮೈದಾ ಕಣಕ, ಮೈದಾ ಎಂದರೆ ಗೋಧಿ. ಹೀಗೆ ಮೊದಲ ಹೆಜ್ಜೆಯಲ್ಲೇ ಗೋಡೆ. ಹಬ್ಬಕ್ಕೆ ಮೊದಲೇ ಪ್ರಯೋಗಕ್ಕೆಂದು ರಾಗಿ ಹಿಟ್ಟಿನ ಕಣಕ ಮಾಡು ಎಂದೆ. ಹೂರಣ ತುಂಬಿ ತಟ್ಟಿದ್ದು ಕಾವಲಿಯ ಮೇಲೆ ಬಿರುಕು ಬಿಟ್ಟು ಒಣಗಿದ ಕೆರೆಯ ತಳದ ಹಾಗಾಯಿತು. ಅಕ್ಕಿ ಹಿಟ್ಟಿನಲ್ಲಿ ಮಾಡಿಸಿದೆ. ಅದು ಕಾವಲಿಯಿಂದ ಏಳಲೇ ಇಲ್ಲ, ಕೆರೆದು ತೆಗೆಯಬೇಕಾಯಿತು. ನಮ್ಮ ಮಗ ನಿಖಿಲ್ ಆ ಚೂರುಗಳನ್ನು ನೋಡಿ, "ಅಪ್ಪಾ, ಹಬ್ಬ ಕ್ಯಾನ್ಸಲ್ ಮಾಡ್ಬಿಡೋಣ" ಎಂದ. ಕಡೆಗೆ ಶಾರದಾ ನನ್ನನ್ನು ಏನೂ ಕೇಳದೆ ಅಕ್ಕಿ ಹಿಟ್ಟು ಬೇಯಿಸಿ ನಾದಿ, ಒಳಗೆ ಅದೇ ಹೂರಣ ತುಂಬಿ ಕಡುಬು ಮಾಡಿ ಹಬೆಯಲ್ಲಿ ಬೇಯಿಸಿದಳು. ಬಿಳಿಯ ಸಿಪ್ಪೆಯೊಳಗಿಂದ ಹಳದಿ ಹೂರಣ ಮಸುಕಾಗಿ ಕಾಣುತ್ತಿತ್ತು. ಎರಡು ತಿಂದು, ಮಾರನೆಯ ದಿನ ಕಾರ್ಖಾನೆಯಲ್ಲಿ "ನಾನೊಂದು ಕಡುಬು ಕಂಡುಹಿಡಿದಿದ್ದೇನೆ" ಎಂದು ಹೇಳಿಕೊಂಡೆ.

ಅಷ್ಟಕ್ಕೇ ಸುಮ್ಮನಿದ್ದರೆ ಆಗಿತ್ತು. ಶ್ಯಾವಿಗೆ ಪಾಯಸ ಬೇಡ, ಹೆಸರುಬೇಳೆ ಪಾಯಸ ಎಂದೆ. ಗಿರಣಿಗೆ ನಾನೇ ಹೋಗಿ, ಹಿಂದಿನವರ ಗೋಧಿಯ ಧೂಳು ಪೂರ್ತಿ ಹೋಗುವವರೆಗೆ ಕಲ್ಲು ಗುಡಿಸು ಎಂದು ಜಗಳವಾಡಿದೆ. ಮನೆಯ ಗೋಧಿ ಹಿಟ್ಟಿನ ಡಬ್ಬವನ್ನು ಮನೆ ಓನರ್ ಮುನಿಯಪ್ಪನವರ ಮನೆಯಲ್ಲಿ ಇಟ್ಟು ಬಂದೆ. ಮುನಿಯಪ್ಪನವರು ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳನ್ನು ಬೆಳೆಯುತ್ತಿದ್ದರು. "ನಮ್ ಕಾಲದಾಗೆ ಗೋಧಿ ಯಾರು ನೋಡಿದ್ರು ಸಾರ್? ರಾಗಿ ತಿಂದೇ ಬೆಳೆದ್ವಿ" ಎಂದರು. ಸಂತೋಷವಾಗಿ ಅವರನ್ನೂ ಅವರ ಹೆಂಡತಿಯನ್ನೂ ಊಟಕ್ಕೆ ಕರೆದೆ. ನನ್ನ ಸಾಧನೆಗೆ ಸಾಕ್ಷಿಗಳು ಬೇಕಿತ್ತು.

ಕೆ.ಆರ್. ಪುರಂ ಸ್ಟೇಷನ್ನಿನಿಂದ ಎಲ್ಲರನ್ನೂ ಆಟೋದಲ್ಲಿ ಕರೆತಂದೆ. ವಸುಧಾಳ ಬ್ಯಾಗಿನಲ್ಲಿ ದೊಡ್ಡ ಸ್ಟೀಲ್ ಡಬ್ಬವಿತ್ತು. "ಇದೇನು? ನನ್ನ ಮೇಲೆ ನಂಬಿಕೆ ಇಲ್ವಾ?" ಎಂದು ಕಸಿದುಕೊಂಡು ಅಡಿಗೆಮನೆಯ ಅಟ್ಟದ ಮೇಲೆ, ಯಾರಿಗೂ ಎಟುಕದ ಕಡೆ ಇಟ್ಟೆ. ಅವಳು ಒಮ್ಮೆ ಅಟ್ಟದ ಕಡೆ ನೋಡಿ ಕೈಕಾಲು ತೊಳೆಯಲು ಹೋದಳು. ಅಣ್ಣನ ಸ್ವಭಾವ ಅವಳಿಗೆ ಹೊಸದಲ್ಲ.

ಹಬ್ಬದ ಮಧ್ಯಾಹ್ನ ಸಾಲಾಗಿ ಎಲೆ ಹಾಕಿದೆವು. ಮಕ್ಕಳೆಲ್ಲ ಒಂದು ಕಡೆ, ಮುನಿಯಪ್ಪ ದಂಪತಿ ಎದುರಿಗೆ. ನಾನು ಪಂಚೆ ಎತ್ತಿ ಕಟ್ಟಿಕೊಂಡು ನಡುವೆ ನಿಂತು ಭಾಷಣ ಶುರು ಮಾಡಿದೆ. "ಈ ಎಲೆ ಮೇಲೆ ಒಂದೇ ಒಂದು ಕಾಳು ಗೋಧಿ ತೋರಿಸಿದ್ರೆ ನನ್ನ ಹೆಸರು ಬದಲಾಯಿಸಿಕೊಳ್ತೀನಿ" ಎಂದೆ. ಮೇಘನಾ ಕೋಸಂಬರಿಯ ಕಡೆ ಕೈ ಚಾಚಿ, ಅಷ್ಟಕ್ಕೇ ನಿಲ್ಲಿಸಿ, ಮೆಲ್ಲಗೆ ಕೇಳಿದಳು.

"ಮಾಮ, ಇದಕ್ಕೆ ಇಂಗು ಹಾಕಿದೀರಾ?"

"ಹಾಕದೇ ಇರ್ತೀವಾ ಪುಟ್ಟಾ? ಕೋಸಂಬರಿ, ಪಲ್ಯ, ಚಿತ್ರಾನ್ನ, ಸಾರು, ಎಲ್ಲಕ್ಕೂ ಧಾರಾಳವಾಗಿ ಹಾಕಿಸಿದೀನಿ. ನಿಂಗೋಸ್ಕರ ಘಮಘಮ ಅನ್ನೋ ಹೊಸ ಡಬ್ಬಿ!"

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ವಸುಧಾ ತಗ್ಗಿದ ದನಿಯಲ್ಲಿ, "ಅಣ್ಣಾ, ಡಬ್ಬಿ ಇಂಗಲ್ಲಿ ಗೋಧಿ ಹಿಟ್ಟು ಬೆರೆಸಿರ್ತಾರೆ" ಎಂದಳು.

ಅಲ್ಲಿಗಾದರೂ ಬಾಯಿ ಮುಚ್ಚಬಹುದಿತ್ತು. "ಇಂಗು ಅಂದ್ರೆ ಗಿಡದ ಅಂಟು ಕಣೇ, ಅದರಲ್ಲಿ ಎಲ್ಲಿಂದ ಬರುತ್ತೆ ಗೋಧಿ?" ಎಂದು ನಕ್ಕು, ಡಬ್ಬಿ ತಂದು, ಕನ್ನಡಕ ಏರಿಸಿ, ಅದರ ಮೇಲಿನ ಸಣ್ಣ ಅಕ್ಷರಗಳನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದತೊಡಗಿದೆ. ಗೋಧಿ ಹಿಟ್ಟು ಎಂಬಲ್ಲಿಗೆ ಬಂದಾಗ ನನ್ನ ದನಿ ಉಡುಗಿತು. ಮುನಿಯಪ್ಪನವರು ಬಾಯಿಯ ಹತ್ತಿರ ಒಯ್ದಿದ್ದ ತುತ್ತನ್ನು ಇಡಲೂ ಆಗದೆ ತಿನ್ನಲೂ ಆಗದೆ ಹಿಡಿದುಕೊಂಡಿದ್ದರು.

ಆಮೇಲೆ ಸ್ಟೂಲ್ ಹತ್ತಿ, ಎಲ್ಲರೂ ನೋಡುತ್ತಿರುವಂತೆ ಅಟ್ಟದ ಮೇಲಿಂದ ಆ ಡಬ್ಬ ಇಳಿಸಿದೆ. ಅದರಲ್ಲಿದ್ದದ್ದು ಅಕ್ಕಿ ರೊಟ್ಟಿ, ಮತ್ತೆ ಇಂಗಿಲ್ಲದ ಆಲೂಗಡ್ಡೆ ಪಲ್ಯ. ಶಾರದಾ ಮೇಘನಾಳ ಎಲೆ ತೆಗೆದು ಹೊಸ ಎಲೆ ಹಾಕಿ, ಕಡುಬು, ತುಪ್ಪ, ಪಾಯಸ ಬಡಿಸಿದಳು. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಸ್ಟೂಲನ್ನೇ ಒರೆಸುತ್ತಿದ್ದೆ. ಆಗ ಆ ಮಗು ನನ್ನ ಪಂಚೆ ಜಗ್ಗಿ, "ಸಾರಿ ಮಾಮ, ನನ್ನಿಂದ ನಿಮ್ಮೆಲ್ಲರ ಹಬ್ಬ ಹಾಳಾಯ್ತು" ಎಂದಿತು.

ಡಬ್ಬಿ ಓದುವಾಗ ಆದದ್ದು ಬರೀ ಮುಖಭಂಗ. ನಿಜವಾದ ನಾಚಿಕೆ ಈಗ ಬಂತು. ಸುಮ್ಮನೆ ತನ್ನ ರೊಟ್ಟಿ ತಿಂದು ಮಕ್ಕಳ ಜೊತೆ ನಗಬಹುದಾಗಿದ್ದ ಹುಡುಗಿಯನ್ನು ಹತ್ತು ಜನರ ನಡುವೆ ಕೂರಿಸಿ, ಅವಳ ಕಾಯಿಲೆಯ ಮೇಲೆ ಭಾಷಣ ಮಾಡಿ, ಕೊನೆಗೆ ಅವಳೇ ಕ್ಷಮೆ ಕೇಳುವಂತೆ ಮಾಡಿದ್ದೆ. ಅವಳ ಪಕ್ಕದಲ್ಲಿ ನೆಲದ ಮೇಲೆ ಕುಕ್ಕರಿಸಿದೆ. "ನೀನಲ್ಲ ಪುಟ್ಟಾ, ನಾನು ಹಾಳು ಮಾಡಿದ್ದು" ಎಂದೆ. ಅವಳು ನನ್ನನ್ನು ಸಮಾಧಾನ ಮಾಡಲು ಇನ್ನೊಂದು ಕಡುಬು ಹಾಕಿಸಿಕೊಂಡಳು. ನಿಖಿಲ್ ತನಗೂ ಡಬ್ಬದ ರೊಟ್ಟಿಯೇ ಬೇಕೆಂದು ಹಟ ಹಿಡಿದ. ಊಟ ಹೇಗೋ ಮತ್ತೆ ದಾರಿಗೆ ಬಂತು.

ದೀಪಾವಳಿಗೆ ಅವರು ಮತ್ತೆ ಬಂದರು. ಈ ಸಲ ಅಡಿಗೆಯ ವಿಚಾರವನ್ನೆಲ್ಲ ಶಾರದಾ ಮತ್ತು ಮೇಘನಾ ಮೊದಲೇ ಫೋನಿನಲ್ಲಿ ಮಾತಾಡಿ ಮುಗಿಸಿದ್ದರು. ನಾನೇನು ಮಾಡಲಿ ಎಂದು ಕೇಳಿದೆ. "ನೀವು ನೀರು ಬಡಿಸಿ, ಸಾಕು" ಎಂದಳು ಶಾರದಾ. ನೀರಿನಲ್ಲಿ ಗೋಧಿ ಇರುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಜಗ್ಗು ಹಿಡಿದು ಆ ಮಗುವಿನ ಎಲೆಯ ಮುಂದೆ ನಿಂತಾಗ ಧೈರ್ಯ ಬರಲಿಲ್ಲ.

"ಪುಟ್ಟಾ, ನೀರು ಹಾಕಬಹುದಾ?" ಎಂದು ಕೇಳಿದೆ.

ಮೇಘನಾ ಕತ್ತು ನೀಡಿ ಜಗ್ಗಿನೊಳಗೆ ಒಮ್ಮೆ ಇಣುಕಿ ನೋಡಿ, "ಹಾಕಿ ಮಾಮ" ಎಂದಳು.