ಸಿಗ್ನಲ್ ಕೊಡುವ ಅಳಿಯ

ಓಡುವ ರೈಲಿನಲ್ಲಿ ಮೊಬೈಲು ಕರೆ ಕಡಿಯದೆ ನಡೆಯಬೇಕು ಎಂಬುದೇ ನನ್ನ ವೃತ್ತಿಜೀವನದ ಪರಮ ಧ್ಯೇಯ. ಅದರ ಹಿಂದೆ ಬಿದ್ದು, ಟವರ್ ಹತ್ತುವ ಎಂಜಿನಿಯರನಾಗಿದ್ದ ನಾನು ಕಂಪನಿಯ ತಂತ್ರಜ್ಞಾನ ಮುಖ್ಯಸ್ಥನ ಕುರ್ಚಿಗೇ ಬಂದು ಕೂತಿದ್ದೇನೆ. ಆಫೀಸಿನಲ್ಲಿ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾರೆ. ಹೊಸದುರ್ಗದ ಅತ್ತೆಮನೆಯಲ್ಲಿ ಮಾತ್ರ ಕಥೆ ಬೇರೆ. "ನಮ್ಮ ಅಳಿಯಂದ್ರು ರೈಲಿಗೆ ಸಿಗ್ನಲ್ ಕೊಡ್ತಾರೆ" ಎಂದು ಅತ್ತೆ ಗಿರಿಜಮ್ಮ ಬೀದಿಗೆಲ್ಲ ಸಾರಿಬಿಟ್ಟಿದ್ದರು. ಪಕ್ಕದ ಮನೆಯವರಂತೂ, "ಹಸಿರು ಬಾವುಟ ನೀವೇ ತಗಬೇಕೋ, ಸರ್ಕಾರದೋರು ಕೊಡ್ತಾರೋ?" ಎಂದು ನನ್ನನ್ನೇ ಕೇಳಿದರು!

ಈ ಅಪಮಾನ ತೊಳೆಯುವ ಸುದಿನ ಬಂತು. ದೂರದ ಟವರಿನ ಸಿಗ್ನಲ್ ಹಿಡಿದು ಒಳಗಿನ ಫೋನುಗಳಿಗೆ ಹಂಚುವ ನಮ್ಮ ಹೊಸ ಪೆಟ್ಟಿಗೆಯನ್ನು ಒಂದು ಬೋಗಿಯ ನೆತ್ತಿಗೆ ಕೂರಿಸಿದ್ದೆವು. ಹೊಸದುರ್ಗ ರೋಡ್‌ನಿಂದ ಚಿಕ್ಕಜಾಜೂರಿನವರೆಗೆ, ಬೆಂಗಳೂರಿನಲ್ಲಿ ಕೂತ ನಮ್ಮ ಎಂ.ಡಿ. ಜತೆ ನಾನು ವಿಡಿಯೊ ಕರೆಯಲ್ಲಿ ಮಾತಾಡುತ್ತಿರಬೇಕು. ಕರೆ ಕಡಿಯದಿದ್ದರೆ ಯೋಜನೆಗೆ ಒಪ್ಪಿಗೆ. ಕಡಿದರೆ ಯೋಜನೆಯೂ ಇಲ್ಲ, ಬಹುಶಃ ಕುರ್ಚಿಯೂ ಇಲ್ಲ.

ಹೆಂಡತಿ ಸುಮಾಳನ್ನೂ ಅತ್ತೆಯನ್ನೂ ಹತ್ತಿಸಿಕೊಂಡೆ.

"ನಿಮ್ ಕೆಲ್ಸ ನೀವು ನೋಡ್ಕಳ್ರಿ. ಅಮ್ಮನ್ನ ಯಾಕೆ ಕರ್ಕಂಡ್ ಬಂದ್ರಿ?" ಎಂದಳು ಸುಮಾ.

"ಇತಿಹಾಸ ನಿರ್ಮಾಣವಾಗುವಾಗ ಸಾಕ್ಷಿ ಬೇಡವೇ?" ಎಂದೆ.

ರೈಲು ಹೊರಟಿತು. ಅಬ್ಬಾ, ಏನು ಸಂಪರ್ಕ! ಕಿಟಕಿಯಾಚೆ ತೆಂಗಿನ ತೋಟ, ಗುಡ್ಡ, ಕುರಿಮಂದೆ ಎಲ್ಲ ಹಿಂದಕ್ಕೆ ಓಡುತ್ತಿದ್ದರೂ, ಫೋನಿನಲ್ಲಿ ಎಂ.ಡಿ.ಯವರ ಮೀಸೆಯ ಒಂದೊಂದು ಕೂದಲೂ ಸ್ಪಷ್ಟ! ಖುಷಿಗೆ ನನ್ನ ಎದೆ ಇಂಜಿನ್ನಿಗಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

ಹೊಳಲ್ಕೆರೆಯಲ್ಲಿ ರೈಲು ನಿಂತಿತು. "ಮೇಲಿನ ಪೆಟ್ಟಿಗೆ ಅಲುಗಾಡಿಲ್ಲ ತಾನೇ?" ಎಂದರು ಎಂ.ಡಿ.

"ಈಗಲೇ ನೋಡಿ ಬರ್ತೀನಿ ಸಾರ್!" ಎಂದವನೇ ಫೋನನ್ನು ಅತ್ತೆಯ ಕೈಗಿತ್ತು ಕೆಳಗೆ ಧುಮುಕಿದೆ. ಪೆಟ್ಟಿಗೆ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಇನ್ನೂ ಚೆನ್ನಾಗಿ ಕಾಣಲೆಂದು ಹಿಂದೆ ಸರಿದೆ. ಮತ್ತಷ್ಟು ಸರಿದೆ. ಕಣ್ತುಂಬಿಕೊಂಡು ನಿಂತೆ.

ರೈಲು ಹೊರಟೇ ಹೋಯಿತು!

ಎರಡೂ ಕೈ ಬೀಸುತ್ತಾ, ಅರಚುತ್ತಾ ಓಡಿದೆ. ಕಿಟಕಿಯಲ್ಲಿ ಅತ್ತೆ ಫೋನನ್ನು ನನ್ನ ಕಡೆ ತಿರುಗಿಸಿ ಸಂಭ್ರಮದಿಂದ ಕೂಗುತ್ತಿದ್ದರು: "ನೋಡ್ರಿ ಸಾಹೇಬ್ರೆ, ನಮ್ಮ ಅಳಿಯಂದ್ರು ಸಿಗ್ನಲ್ ಕೊಡ್ತಾ ಅವ್ರೆ! ಹೆಂಗೆ ಹೊರಡ್ತು ನೋಡ್ರಿ ರೈಲು!"

ಏದುಸಿರು ಬಿಡುತ್ತಾ ಚಹಾದಂಗಡಿಯವನ ಬಳಿ ಬಂದು, "ಸ್ವಲ್ಪ ಫೋನ್ ಕೊಡಪ್ಪಾ" ಎಂದು ಅಂಗಲಾಚಿದೆ.

"ಇಲ್ಲಿ ನೆಟ್‌ವರ್ಕೇ ಇಲ್ರಿ" ಎಂದ ಆತ. "ಈಗ ಹೋತಲ್ಲ ರೈಲು, ಅದ್ರಾಗೆ ಭಾರಿ ಚಲೋ ಸಿಗ್ತೈತಂತೆ. ಅದನ್ನ ಹತ್ತಬೇಕಿತ್ತು ನೀವು!"

ಆಟೊ ಹಿಡಿದು ಚಿಕ್ಕಜಾಜೂರು ತಲುಪಿದಾಗ ನನ್ನ ಕೋಟಿನ ಬಣ್ಣ ರಸ್ತೆಯ ಧೂಳಿನದಾಗಿತ್ತು. ಪುಣ್ಯಕ್ಕೆ ರೈಲು ಮುಂದಿನ ಸಿಗ್ನಲ್‌ಗೆ ಕಾಯುತ್ತಾ ಇನ್ನೂ ನಿಂತಿತ್ತು. ಒಳಗೆ ನುಗ್ಗಿದರೆ, ಅತ್ತೆ ಎಂ.ಡಿ.ಯವರಿಗೆ ಶೇಂಗಾ ಹೋಳಿಗೆ ಒಡೆಯದಂತೆ ಲಟ್ಟಿಸುವ ವಿಧಾನ ಬೋಧಿಸುತ್ತಿದ್ದರು!

ಅವರ ಕೈಯಿಂದ ಫೋನ್ ತೆಗೆದುಕೊಂಡೆ.

"ಅಭಿನಂದನೆಗಳು ರೀ!" ಎಂದರು ಎಂ.ಡಿ. "ಕರೆ ಒಮ್ಮೆಯೂ ಕಡಿಯಲಿಲ್ಲ. ನಿಮ್ಮ ಅತ್ತೆಯವರ ಮಾತೂ ನಿಲ್ಲಲಿಲ್ಲ. ಯೋಜನೆಗೆ ಒಪ್ಪಿಗೆ!"

ನಾನು ಕುಣಿಯುವುದೊಂದು ಬಾಕಿ! ಅಷ್ಟರಲ್ಲಿ ಅವರು ಮುಂದುವರಿಸಿದರು: "ಒಂದು ವಿಷಯ ಬಹಳ ಹಿಡಿಸಿತು. ನೀವು ಇಲ್ಲದಿದ್ದರೂ ಎಲ್ಲ ಸಲೀಸಾಗಿ ನಡೆಯುತ್ತೆ."

"ಮನೇನಾಗೂ ಹಂಗೇ ಐತೆ ಸಾರ್!" ಎಂದಳು ಸುಮಾ, ನನ್ನ ಭುಜದ ಹಿಂದಿನಿಂದ.

ಬೆಂಗಳೂರಿನಲ್ಲಿ ಎಂ.ಡಿ. ನಕ್ಕ ನಗು ಚೂರೂ ಕಡಿಯದೆ, ಅತ್ಯಂತ ಸ್ಪಷ್ಟವಾಗಿ ಇಡೀ ಬೋಗಿಗೆ ಕೇಳಿಸಿತು. ನಾನೇ ಮಾಡಿದ ವ್ಯವಸ್ಥೆಯಲ್ಲವೇ!