ಪೆದ್ದ ಆವಿನ ಮ್ಯಾರಥಾನ್

ನಾಲ್ಕು ಜನರ ಮುಂದೆ ಮಾನ ಉಳಿಸಿಕೊಂಡು ಬರಬೇಕೆಂದು ಹೊರಟ ದಿನವೇ ನನಗೆ ಇಂಥವೆಲ್ಲ ಆಗುತ್ತವೆ. ಮನೆಯಲ್ಲಿ ಸುಮ್ಮನೆ ಕೂತಾಗ ಒಂದೂ ಆಗುವುದಿಲ್ಲ. ಜೊತೆಗೆ ಮೊಮ್ಮಕ್ಕಳಿದ್ದರಂತೂ ಕೇಳುವುದೇ ಬೇಡ. ಚಳ್ಳಕೆರೆಯಲ್ಲಿ ಬೀದಿಗೊಂದು ಎಸ್.ಟಿ.ಡಿ. ಬೂತ್ ಇದ್ದ ಕಾಲದ ಒಂದೇ ಭಾನುವಾರ ನಡೆದದ್ದನ್ನು ಹೇಳುತ್ತೇನೆ.

ಬಿಳಿ ಬೂಟು

ಮೂರನೇ ಕ್ಲಾಸಿನ ಮೊಮ್ಮಗಳು ಬಂದು, "ತಾತ, ಭಾನುವಾರ ಸ್ಕೂಲಲ್ಲಿ ಮ್ಯಾರಥಾನ್ ಐತೆ. ಅಜ್ಜ ಅಜ್ಜಿ ಜೊತೆಗೇ ಬರ್ಬೇಕಂತೆ. ನಿನ್ನ ಹೆಸ್ರು ಕೊಟ್ಟೀನಿ" ಎಂದಳು.

ಎಣ್ಣೆ ಅಂಗಡಿಯ ಗಲ್ಲಾದ ಮುಂದೆ ಕೂತು ಕೂತು ಬೆಳೆದ ಮೈ ನನ್ನದು. ಆದರೆ ಮೊಮ್ಮಗಳ ಮಾನದ ಪ್ರಶ್ನೆ. ಬಿಳಿ ಕ್ಯಾನ್ವಾಸ್ ಬೂಟು ಕೊಂಡು ವಾರವಿಡೀ ಬೆಳಗ್ಗೆ ಬಳ್ಳಾರಿ ರಸ್ತೆಯಲ್ಲಿ ಓಡಿದೆ. ಬೀದಿನಾಯಿಗಳು ಹಿಂದೆಯೇ ಬಂದು ನನ್ನ ವೇಗಕ್ಕೆ ಸಾಕಷ್ಟು ಸಹಾಯ ಮಾಡಿದವು.

ಭಾನುವಾರ ಹೋಗಿ ನೋಡಿದರೆ ಶಾಲೆಯ ಅಂಗಳದ ಈ ತುದಿಯಿಂದ ಆ ತುದಿಗೆ ಒಂದೇ ಬಿಳಿ ಬಟ್ಟೆ ಹಾಸಿದೆ. ಸಂಜೆಯವರೆಗೆ ಊರವರೆಲ್ಲ ಅದರ ಮೇಲೆ ಚಿತ್ರ ಬರೆಯಬೇಕಂತೆ. ಡ್ರಾಯಿಂಗ್ ಮೇಷ್ಟ್ರು ನನ್ನ ಕಾಲು ನೋಡಿ, "ಯಜಮಾನ್ರೇ, ಬೂಟು ಬಿಚ್ಚಿ ಕೂತ್ಕೊಳ್ರಿ. ಇಲ್ಲಿ ಓಡೋದು ಬ್ರಷ್ಷು" ಎಂದರು.

ಚುಕ್ಕಿ

ಮನೆಗೊಂದು ಚಾಪೆಯಗಲದ ಜಾಗ. ವಿಷಯ, ನಮ್ಮ ಸೀಮೆಯ ಹೆಮ್ಮೆ. ಸಂಜೆ ಐದಕ್ಕೆ ಅರ್ಧಂಬರ್ಧ ಉಳಿದ ಭಾಗಗಳನ್ನು ಕತ್ತರಿಸಿ ತೆಗೆದು, ಮಿಕ್ಕಿದ್ದನ್ನು ಹೊಲಿಸಿ ಪುರಭವನದ ಗೋಡೆಗೆ ಹಾಕುತ್ತಾರೆ. ಮೊಮ್ಮಗಳು ಗೆಳತಿಯರಿಗೆಲ್ಲ "ಪುರಭವನಕ್ಕೆ ಬಂದು ನಮ್ದು ನೋಡ್ರಿ" ಎಂದು ಮೊದಲೇ ಸಾರಿಬಿಟ್ಟಿದ್ದಳು. ಗಳಿಗೆಗೊಮ್ಮೆ ಒಂದೇ ಮಾತು: "ತಾತ, ನಮ್ದು ಕತ್ತರಿಸ್ಬಾರ್ದು."

ಊರಾಚೆಯ ಹುಲ್ಲುಗಾವಲು ವರವು ಕಾವಲಿನಲ್ಲಿ ಮೇಯುವ ಅಮೃತಮಹಲ್ ಹಸುವನ್ನು ಬರೆಯುವುದೆಂದು ತೀರ್ಮಾನವಾಯಿತು. ನಮ್ಮ ಪಡೆಯಲ್ಲಿ ಅವಳ ಐದು ವರ್ಷದ ತಮ್ಮನೂ ಇದ್ದ, ಮೊಳಕಾಲ್ಮೂರಿನಿಂದ ಬಂದಿದ್ದ ನಮ್ಮ ಬೀಗಿತ್ತಿ, ಅಂದರೆ ಸೊಸೆಯ ತಾಯಿಯೂ ಇದ್ದರು. ಆಕೆಯ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಯಾವ ಅರ್ಧ ಯಾವಾಗ ಬರುತ್ತದೆಂದು ಆಕೆಗೂ ಗೊತ್ತಿರುವುದಿಲ್ಲ.

ಆಕೆ ಕೂತವರೇ ಬಣ್ಣದ ಸೀಮೆಸುಣ್ಣ ಹಿಡಿದು ಬಟ್ಟೆಯ ತುಂಬ ಚುಕ್ಕಿ ಇಡತೊಡಗಿದರು.

"ಇದೇನ್ರಿ, ರಂಗೋಲಿನಾ?"

"ಚುಕ್ಕಿ ಇಲ್ದೆ ಗೆರೆ ಹೆಂಗೆ ನಿಲ್ತೈತ್ರಿ ಬೀಗ್ರೇ?"

ಬಹಳ ಹೊತ್ತಿನ ಮೇಲೆ ಮೇಷ್ಟ್ರು ಬಂದು ಬಗ್ಗಿ ನೋಡಿ ಮೆಚ್ಚಿದರು. "ಚಿರತೆ ಚೆನ್ನಾಗಿ ಬರ್ತಾ ಐತೆ ಕಣ್ರಮ್ಮ."

ಬಜ್ಜಿ

ಚುಕ್ಕಿ ಅಳಿಸಿ ಮೊಮ್ಮಗಳು ಹಸುವಿನ ಮುಖ, ಕೊಂಬು ಬರೆದಳು. ನಿಜಕ್ಕೂ ಚೆನ್ನಾಗಿತ್ತು. ಆ ಸಂತೋಷಕ್ಕೆ ನಾನು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿ, ಪೊಟ್ಟಣವನ್ನು ಹಸುವಿನ ಹೊಟ್ಟೆ ಬರಬೇಕಾದ ಕಡೆ ಇಟ್ಟೆ. ತೆಗೆಯುವಷ್ಟರಲ್ಲಿ ತಟ್ಟೆಯಗಲ ಎಣ್ಣೆ. ಅದರ ಮೇಲೆ ನೀರಿನ ಬಣ್ಣ ಎಷ್ಟು ಹಚ್ಚಿದರೂ ನಿಲ್ಲಲಿಲ್ಲ. ಮೊಮ್ಮಗಳ ಕಣ್ಣು ತುಂಬಿತು.

ತಪ್ಪು ನನ್ನ ಮೇಲೆ ಬರುವ ಮೊದಲೇ ನಾನು ಕಲೆಯನ್ನು ಮೂಸಿ ನೋಡಿ, "ಇದು ಶೇಂಗಾ ಎಣ್ಣೆ ಅಲ್ವೇ ಅಲ್ಲ, ಯಾವ್ದೋ ಕಲಬೆರಕೆ. ನಮ್ಮಂಗ್ಡೀದಾಗಿದ್ರೆ ಹಿಂಗೆ ಹರಡ್ತಿರ್ಲಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ಕಾಂಪೌಂಡಿನ ಆಚೆಯಿಂದ ಬಜ್ಜಿಯವನ ತಲೆ ಮೇಲೆದ್ದಿತು. "ಯಜಮಾನ್ರೇ, ನಿಮ್ಮಂಗ್ಡೀದೇ ಡಬ್ಬಿ ಐತೆ, ತೋರಿಸ್ಲಾ?"

ಆವು

ಅಳುವ ಮೊಮ್ಮಗಳಿಗೆ ಕಬ್ಬಿನ ಹಾಲು ಕುಡಿಸುವ ನೆಪದಲ್ಲಿ ಅಲ್ಲಿಂದ ಜಾಗ ಖಾಲಿ ಮಾಡಿದೆ. ಬೀಗಿತ್ತಿ ಹುಡುಗನ ಕೈಗೆ ಮೇಣದ ಬಣ್ಣದ ಕಡ್ಡಿ ಕೊಟ್ಟು, "ಪೆದ್ದ ಆವು ಬರಿ ಕಂದಾ" ಎಂದು ಹೇಳಿ, ಬೇವಿನ ನೆರಳಲ್ಲಿ ನಿದ್ದೆ ಹೋದರಂತೆ.

ನಾವು ತಿರುಗಿ ಬಂದಾಗ ಐದಕ್ಕೆ ಸ್ವಲ್ಪವೇ ಬಾಕಿ. ಹಸುವಿಗೆ ಹೊಟ್ಟೆ ಬಂದಿರಲಿಲ್ಲ. ಎಣ್ಣೆ ಕಲೆಯಿಂದ ಒಂದು ಹಾವು ಹೊರಟಿತ್ತು. ಪಕ್ಕದವರು ಬರೆದಿದ್ದ ಕುರಿಮಂದೆ ದಾಟಿ, ಆಚೆಯವರ ಕಂಬಳಿ ದಾಟಿ, ಇನ್ನೊಬ್ಬರ ರೇಷ್ಮೆ ಸೀರೆಯ ಅಂಚಿನಗುಂಟ ಹರಿದು ಬಟ್ಟೆಯ ಕೊನೆ ಮುಟ್ಟಿತ್ತು. ಸಾಲಿನ ಮಕ್ಕಳೆಲ್ಲ ತಮ್ಮ ತಮ್ಮ ಬಣ್ಣ ಕೊಟ್ಟು ದಾರಿ ಬಿಟ್ಟಿದ್ದರು. ಕೊನೆಯಲ್ಲಿ ನಮ್ಮ ಹುಡುಗ ಬೋರಲು ಮಲಗಿ ಅದಕ್ಕೆ ಮೆಳ್ಳಗಣ್ಣು ಹಚ್ಚುತ್ತಿದ್ದ.

"ಏನಲೇ ಇದು?"

"ಅಜ್ಜಿ ಏಳಿದ್ದು ತಾತ. ಪೆದ್ದ ಆವು."

ತೆಲುಗಿನಲ್ಲಿ ಪೆದ್ದ ಆವು ಅಂದರೆ ದೊಡ್ಡ ಹಸು. ನಮ್ಮ ಹುಡುಗನ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಅವನಿಗೆ ಹಾವೇ ಆವು, ಪೆದ್ದ ಅಂದರೆ ದಡ್ಡ.

ಮೇಷ್ಟ್ರು ಕತ್ತರಿ ಹಿಡಿದು, ದರ್ಜಿಯನ್ನು ಕರೆದುಕೊಂಡು ಬಂದೇಬಿಟ್ಟರು. "ಹಸೂಗೆ ಹೊಟ್ಟೇನೇ ಇಲ್ವಲ್ರಿ, ನಿಮ್ದು ಮುಗಿದಿಲ್ಲ" ಎಂದು ಕತ್ತರಿಯ ಬಾಯಿ ತೆರೆದರು. ಮೊಮ್ಮಗಳು ನನ್ನ ಪಂಚೆಯಲ್ಲಿ ಮುಖ ಹುದುಗಿಸಿದಳು.

ಪಕ್ಕದ ಕುರಿಮಂದೆಯ ಅಜ್ಜಿ ಮೇಷ್ಟ್ರ ಕೈ ಹಿಡಿದುಕೊಂಡಳು. "ನಾಗಪ್ಪನ್ನ ಕಡಿತೀರಾ? ಮಕ್ಕಳೊಂದಿಗರು ನೀವು."

ಮೇಷ್ಟ್ರು ಸ್ವಲ್ಪ ಆಚೆ ಸರಿದರು. ಅಲ್ಲೂ ಹಾವು. ಇನ್ನೂ ಆಚೆ ಹೋದರು, ಅಲ್ಲೂ ಹಾವು. ದರ್ಜಿ ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡು, "ನಾಗಪ್ಪನ ಮೈಗೆ ನಾನು ಸೂಜಿ ಚುಚ್ಚಲ್ಲ ಸಾರ್" ಎಂದ. ಮೇಷ್ಟ್ರು ಬಟ್ಟೆಯನ್ನು ತುದಿಯಿಂದ ತುದಿಗೆ ನೋಡಿ ಕತ್ತರಿ ಮುಚ್ಚಿದರು. "ಎಲ್ಲಾರ್ದೂ ಹಾಕ್ತೀವಿ ಬಿಡ್ರಿ."

ಮೊಮ್ಮಗಳು ಕುಣಿದ ಕುಣಿತಕ್ಕೆ ನನ್ನ ಕಣ್ಣಲ್ಲೂ ನೀರಾಡಿತು. ಈ ಗದ್ದಲಕ್ಕೆ ಬೀಗಿತ್ತಿಗೆ ಎಚ್ಚರವಾಯಿತು. "ನನ್ನ ಆವು ಎಲ್ಲಿ ಕಂದಾ?" ಎಂದರು. ಹುಡುಗ ಹೆಮ್ಮೆಯಿಂದ ಹಾವು ತೋರಿಸಿದ. ಆಕೆ ಹಣೆ ಚಚ್ಚಿಕೊಂಡರು.

"ಅಯ್ಯೋ, ಇದಲ್ಲೋ. ಆವು ಅಂದ್ರೆ ಹಾಲು ಕೊಡೋದು."

ಅವನು ಅಜ್ಜಿಯನ್ನು ಕನಿಕರದಿಂದ ನೋಡಿದ. "ಆವು ಎಲ್ಲಾದ್ರೂ ಆಲು ಕೊಡ್ತೈತಾ ಅಜ್ಜಿ? ಅದು ಕುಡಿಯೋದು. ಪಂಚಮಿ ದಿನ ಉತ್ತಕ್ಕೆ ನೀನೇ ಉಯ್ದ್ಯಲ್ಲ."